ದಫ್ತರದಿಂದ ಜಾಲಕ್ಕೆ: ಸಾಮೂಹಿಕ ದತ್ತಾಂಶ ಮತ್ತು ಪ್ರಭುತ್ವದ ಕಣ್ಗಾವಲು

ಪ್ರಭುತ್ವವು ಪ್ರಜೆಗಳ ನಡೆನುಡಿಯ ಮೇಲೆ ಕಣ್ಣಿಡುವುದು ಆಧುನಿಕ ಕಾಲದ ಆವಿಷ್ಕಾರವಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ದ ಗೂಢಪುರುಷರು ಎಲ್ಲರಿಗೂ ಪರಿಚಿತರು. ಸನ್ಯಾಸಿಯ, ವರ್ತಕನ, ಗೃಹಸ್ಥನ ವೇಷದಲ್ಲಿ ಊರೂರು ತಿರುಗುವ ಈ ಚಾರರ ವರ್ಣನೆ ಕುತೂಹಲಕರವಾದದ್ದು. ಅದೇ ಗ್ರಂಥದ ಎರಡನೆಯ ಅಧಿಕರಣದಲ್ಲಿ ಬರುವ ‘ಗೋಪ’ನೆಂಬ ಸಾಮಾನ್ಯ ಅಧಿಕಾರಿಯ ಕಡೆಗೆ ಓದುಗರ ಗಮನ ಅಷ್ಟು ಸುಲಭವಾಗಿ ಹೋಗುವುದಿಲ್ಲ. ನಗರದ ಹತ್ತು, ಇಪ್ಪತ್ತು ಅಥವಾ ನಲವತ್ತು ಮನೆಗಳಿಗೊಬ್ಬನಂತೆ ನಿಯುಕ್ತನಾದ ಗೋಪನು ಅಲ್ಲಿನ ಸ್ತ್ರೀಪುರುಷರ ಜಾತಿ, ಗೋತ್ರ, ಹೆಸರು, ಕಸುಬು, ಆದಾಯ, ವೆಚ್ಚಗಳನ್ನು ತಿಳಿದಿರಬೇಕು. ಧರ್ಮಶಾಲೆಯನ್ನು ನೋಡಿಕೊಳ್ಳುವವರು ಬಂದಿಳಿದ ಪರಸ್ಥಳದವರ ವಿಷಯವನ್ನು ಅಧಿಕಾರಿಗೆ ಅರುಹಬೇಕು. ಗೂಢಪುರುಷನು ಶಂಕಿತನೊಬ್ಬನ ಬೆನ್ನು ಹತ್ತುತ್ತಾನೆ. ಗೋಪನಿಗೆ ಯಾರ ಮೇಲೂ ಶಂಕೆಯಿಲ್ಲ. ಎಲ್ಲರ ವಿವರವನ್ನೂ ಅವನು ಇಟ್ಟುಕೊಂಡಿರುತ್ತಾನೆ. ಶಂಕೆ ಹುಟ್ಟುವುದು ಆಮೇಲೆ.

ಕಣ್ಗಾವಲಿನ ಚರ್ಚೆ ಬಹುಮಟ್ಟಿಗೆ ಗೂಢಪುರುಷನನ್ನು ಕುರಿತೇ ನಡೆದಿದೆ. ಭಾರತದ ಕಾನೂನು ಒಂದು ಶತಮಾನಕ್ಕೂ ಮಿಕ್ಕ ಅವಧಿಯಲ್ಲಿ ಕಟ್ಟಿಕೊಂಡ ರಕ್ಷಣೆಗಳಲ್ಲಿ ಬಹುಪಾಲು ಪತ್ರ ಒಡೆಯುವ, ದೂರವಾಣಿ ಕದ್ದಾಲಿಸುವ ಕ್ರಿಯೆಗೆ ಸಂಬಂಧಿಸಿದವು. ವಿಶ್ವವ್ಯಾಪಿ ಜಾಲದ ಬೆಳವಣಿಗೆಯು ಗೂಢಪುರುಷನಿಗಿಂತ ಗೋಪನನ್ನು ಬಲಪಡಿಸಿತು ಎಂಬುದು ಪ್ರಸ್ತುತ ಲೇಖನದ ನಿಲುವು. ಈ ಬದಲಾವಣೆಯ ಹಂತಗಳನ್ನು ಭಾರತದ ಅನುಭವದ ಹಿನ್ನೆಲೆಯಲ್ಲಿ, ಕರ್ನಾಟಕಕ್ಕೆ ನೇರ ಸಂಬಂಧವಿರುವ ಕೆಲವು ಘಟನೆಗಳೊಂದಿಗೆ ಇಲ್ಲಿ ಪರಿಶೀಲಿಸಲಾಗಿದೆ.

ವಸಾಹತು ಆಡಳಿತಕ್ಕೆ ದಫ್ತರವೇ ಬಲವಾಗಿತ್ತು. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷಲ್ ಎಂಬ ಅಧಿಕಾರಿ ರಸ್ತೆ ಸಾಮಗ್ರಿ ಪೂರೈಸುವ ಗುತ್ತಿಗೆದಾರನೊಬ್ಬನಿಂದ ಕರಾರುಪತ್ರದ ಮೇಲೆ ಅಂಗೈಯ ಮುದ್ರೆ ಒತ್ತಿಸಿಕೊಂಡನು. ಕರಾರು ತಪ್ಪದಿರಲೆಂದು ಮಾಡಿದ ಈ ಪ್ರಯೋಗ ಹೂಗ್ಲಿ ಜಿಲ್ಲೆಯಲ್ಲಿ ಪಿಂಚಣಿದಾರರ ಮತ್ತು ಕೈದಿಗಳ ಗುರುತಿಗೂ ಬಳಕೆಯಾಯಿತು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ಆರಂಭವಾಯಿತು. ಲಕ್ಷಗಟ್ಟಲೆ ಮುದ್ರೆಗಳ ರಾಶಿಯಿಂದ ಬೇಕಾದ ಒಂದನ್ನು ಹುಡುಕಿ ತೆಗೆಯುವ ವರ್ಗೀಕರಣ ಎಡ್ವರ್ಡ್ ಹೆನ್ರಿಯ ಹೆಸರಿನಲ್ಲಿ ಪ್ರಸಿದ್ಧವಾಗಿದ್ದರೂ, ಅದರ ಹಿಂದೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ನೌಕರರ ಶ್ರಮವಿತ್ತು. 1901ರಲ್ಲಿ ಈ ಪದ್ಧತಿ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡನ್ನು ತಲುಪಿತು. ಮುದ್ರೆಗಳ ಸಂಗ್ರಹಕ್ಕಿಂತ ಅವುಗಳನ್ನು ಹುಡುಕುವ ಕ್ರಮವೇ ಇಲ್ಲಿಯ ನಿಜವಾದ ಸಾಧನೆಯಾಗಿತ್ತು ಎಂಬುದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ದಫ್ತರವು ಅಪರಾಧಕ್ಕಿಂತ ಮುಂಚೆಯೇ ಅಪರಾಧಿಯನ್ನು ಸೃಷ್ಟಿಸಬಲ್ಲುದು ಎಂಬುದಕ್ಕೆ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ನಿದರ್ಶನ. ಮೊದಲು ಉತ್ತರ ಭಾರತಕ್ಕೆ ಅನ್ವಯಿಸಿದ ಈ ಕಾಯ್ದೆಯನ್ನು 1911ರ ಕಾಯ್ದೆಯ ಮೂಲಕ ಇತರ ಪ್ರಾಂತ್ಯಗಳಿಗೂ ವಿಸ್ತರಿಸಲಾಯಿತು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಹುಬ್ಬಳ್ಳಿ, ಗದಗ, ಬಿಜಾಪುರಗಳಲ್ಲಿ ಇಂಥ ಸಮುದಾಯಗಳಿಗಾಗಿ ಸೆಟ್ಲ್‌ಮೆಂಟುಗಳು ತಲೆಯೆತ್ತಿದವು. ಹುಬ್ಬಳ್ಳಿಯಲ್ಲಿ ಆ ಹೆಸರು ಬಡಾವಣೆಯ ಹೆಸರಾಗಿ ಉಳಿದುಕೊಂಡಿದೆ. ರಿಜಿಸ್ಟರಿನಲ್ಲಿ ಹೆಸರಿದ್ದವನು ಹಾಜರಿ ಹಾಕಬೇಕಾಗಿತ್ತು, ಊರು ಬಿಡಲು ಅನುಮತಿ ಪಡೆಯಬೇಕಾಗಿತ್ತು. ಅವನು ಏನು ಮಾಡಿದನೆಂಬುದು ಅಲ್ಲಿ ಅಪ್ರಸ್ತುತ. ಯಾವ ಸಮುದಾಯದಲ್ಲಿ ಹುಟ್ಟಿದನೆಂಬುದಷ್ಟೇ ಸಾಕಾಗಿತ್ತು. ಕಾಯ್ದೆ ರದ್ದಾದದ್ದು 1952ರಲ್ಲಿ. ಗುಂಪಿನ ಲಕ್ಷಣದಿಂದ ವ್ಯಕ್ತಿಯ ನಡತೆಯನ್ನು ಊಹಿಸುವ ಈ ತರ್ಕ ಕಾಯ್ದೆಯೊಂದಿಗೆ ಅಳಿಯಲಿಲ್ಲ. ಗಣಕಯಂತ್ರಗಳ ಕಾಲದಲ್ಲಿ ಬೇರೊಂದು ರೂಪದಲ್ಲಿ ಅದು ಎದುರಾಗುತ್ತದೆ.

ಪತ್ರ ಮತ್ತು ತಂತಿಗಳ ಕಥೆ ಇದಕ್ಕಿಂತ ಭಿನ್ನವಾದದ್ದು. 1844ರಲ್ಲಿ ಇಟಲಿಯ ದೇಶಭಕ್ತ ಮಾಜಿನಿಯ ಪತ್ರಗಳನ್ನು ಬ್ರಿಟಿಷ್ ಗೃಹ ಸಚಿವ ಜೇಮ್ಸ್ ಗ್ರಹಾಂ ಒಡೆಸಿದನೆಂಬ ಸಂಗತಿ ಬಯಲಾದಾಗ ಲಂಡನ್ನಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಅದೇ ಬ್ರಿಟಿಷ್ ಪ್ರಭುತ್ವ ಭಾರತದಲ್ಲಿ 1885ರ ಟೆಲಿಗ್ರಾಫ್ ಕಾಯ್ದೆಯ 5ನೆಯ ಕಲಮಿನ ಮೂಲಕ ತಂತಿ ಸಂದೇಶಗಳನ್ನೂ, 1898ರ ಅಂಚೆ ಕಚೇರಿ ಕಾಯ್ದೆಯ 26ನೆಯ ಕಲಮಿನ ಮೂಲಕ ಪತ್ರಗಳನ್ನೂ ತಡೆದು ವಶಪಡಿಸಿಕೊಳ್ಳುವ ಅಧಿಕಾರವನ್ನು ತಾನೇ ಬರೆದುಕೊಂಡಿತು. ಸಾರ್ವಜನಿಕ ತುರ್ತು ಅಥವಾ ಸಾರ್ವಜನಿಕ ಸುರಕ್ಷತೆ ಎಂಬ ಷರತ್ತು ಮಾತ್ರ ಅದಕ್ಕಿದ್ದ ಅಂಕುಶ. ಆದರೆ ಕಾನೂನಿನಲ್ಲಿ ಹೇಳದ ಇನ್ನೊಂದು ಅಂಕುಶವೂ ಇತ್ತು. ಪತ್ರ ಒಡೆಯಲು ಒಬ್ಬ ನೌಕರ ಬೇಕು, ಓದಲು ಆ ಭಾಷೆ ಬಲ್ಲವನು ಬೇಕು, ನಕಲು ಮಾಡಲು ಮತ್ತೊಬ್ಬನು ಬೇಕು. ಎಲ್ಲರ ಪತ್ರಗಳನ್ನೂ ಓದುವಷ್ಟು ಗುಮಾಸ್ತರು ಯಾವ ಸಾಮ್ರಾಜ್ಯದ ಬಳಿಯೂ ಇರಲಿಲ್ಲ. ಆದ್ದರಿಂದ ಮೊದಲು ಶಂಕೆ, ಆಮೇಲೆ ಆಜ್ಞೆ, ಕೊನೆಗೆ ಸಂಗ್ರಹ ಎಂಬ ಅನುಕ್ರಮ ಅನಿವಾರ್ಯವಾಗಿತ್ತು. ಕಾನೂನು ಈ ಅನುಕ್ರಮವನ್ನು ಸಹಜವೆಂದು ಭಾವಿಸಿಕೊಂಡಿತು.

ದಫ್ತರಕ್ಕೂ ಬೇಲಿ ಹಾಕಬಹುದೆಂಬುದು ಸ್ವತಂತ್ರ ಭಾರತಕ್ಕೆ ತಿಳಿಯದ ಸಂಗತಿಯಾಗಿರಲಿಲ್ಲ. 1948ರ ಜನಗಣತಿ ಕಾಯ್ದೆಯ 15ನೆಯ ಕಲಮು ಗಣತಿದಾರನು ತುಂಬಿದ ದಾಖಲೆಯನ್ನು ಯಾರೂ ಪರಿಶೀಲನೆಗೆ ಕೇಳುವಂತಿಲ್ಲ, ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸುವಂತಿಲ್ಲ ಎಂದು ವಿಧಿಸುತ್ತದೆ. ಎಣಿಸುವ ಉದ್ದೇಶಕ್ಕೆ ಪಡೆದ ವಿವರವನ್ನು ಎಣಿಕೆಗೆ ಮಾತ್ರ ಬಳಸಬೇಕೆಂಬ ತತ್ವ ಇಲ್ಲಿ ಸ್ಪಷ್ಟವಾಗಿದೆ. ಇಂಥ ಬೇಲಿ ಮುರಿದರೆ ಏನಾಗುತ್ತದೆಂಬುದಕ್ಕೆ ಅದೇ ದಶಕದ ಅಮೆರಿಕದಲ್ಲಿ ಉದಾಹರಣೆ ದೊರೆಯುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನೀ ಮೂಲದ ನಾಗರಿಕರನ್ನು ಶಿಬಿರಗಳಿಗೆ ಸಾಗಿಸುವಾಗ ಜನಗಣತಿ ಇಲಾಖೆಯ ಅಂಕಿಅಂಶಗಳು ಬಳಕೆಯಾದವು. ಭಾರತದ ಈ 15ನೆಯ ಕಲಮಿನಷ್ಟು ನಿಖರವಾದ ಮಾತು ಮುಂದೆ ಅಂತರ್ಜಾಲದ ಕಾಯ್ದೆಗಳಲ್ಲಿ ಕಾಣಿಸಿಕೊಳ್ಳಲಿಲ್ಲವೆಂಬುದು ಸೋಜಿಗದ ವಿಷಯ.

ಸ್ವಾತಂತ್ರ್ಯಾನಂತರದ ಮೊದಲ ದಶಕಗಳಲ್ಲಿ ನ್ಯಾಯಾಲಯಗಳು ಖಾಸಗಿತನದ ಬಗ್ಗೆ ಹಿಂಜರಿಕೆಯಿಂದಲೇ ಮಾತನಾಡಿದವು. 1962ರ ಖಡಕ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ರಾತ್ರಿ ವೇಳೆ ಪೊಲೀಸರು ಮನೆಗೆ ಭೇಟಿ ಕೊಡುವುದನ್ನು ಅಸಿಂಧುಗೊಳಿಸಿತಾದರೂ, ಖಾಸಗಿತನ ಸಂವಿಧಾನದತ್ತ ಹಕ್ಕಲ್ಲವೆಂದು ಬಹುಮತದಿಂದ ಹೇಳಿತು. ನ್ಯಾಯಮೂರ್ತಿ ಸುಬ್ಬರಾವ್ ಅವರ ಭಿನ್ನಮತದ ತೀರ್ಪು ಗಮನಾರ್ಹವಾದದ್ದು. ಹಿಂಬಾಲಿಸಲ್ಪಡುವ ವ್ಯಕ್ತಿಯ ಕಾಲಿಗೆ ಸಂಕೋಲೆಯಿಲ್ಲದಿದ್ದರೂ ಅವನು ಸ್ವತಂತ್ರನಲ್ಲ ಎಂಬುದು ಅದರ ಆಶಯ. ಆ ತೀರ್ಪಿಗೆ ಮನ್ನಣೆ ದೊರೆಯಲು ಐವತ್ತೈದು ವರ್ಷ ಬೇಕಾಯಿತು.

ಈ ನಡುವೆ ಕದ್ದಾಲಿಕೆ ರಾಜಕೀಯ ಪ್ರಶ್ನೆಯಾಗಿ ಮುನ್ನೆಲೆಗೆ ಬಂದದ್ದು ಕರ್ನಾಟಕದಲ್ಲಿ. ರಾಜಕಾರಣಿಗಳ ಮತ್ತಿತರರ ದೂರವಾಣಿಗಳನ್ನು ಕದ್ದಾಲಿಸಲಾಯಿತೆಂಬ ಆರೋಪದ ಹಿನ್ನೆಲೆಯಲ್ಲಿ 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟರು. ಆ ದಿನಗಳ ವಾಗ್ವಾದವೆಲ್ಲ ಯಾರು ಆಜ್ಞೆ ಕೊಟ್ಟರು, ಯಾರ ದೂರವಾಣಿ, ಯಾವ ಕಾರಣಕ್ಕೆ ಎಂಬುದರ ಸುತ್ತ ನಡೆಯಿತು. ಕದ್ದಾಲಿಕೆಯ ಅಧಿಕಾರವೇ ಇರಬೇಕೆ ಎಂಬ ಪ್ರಶ್ನೆ ಹಿಂದೆ ಉಳಿಯಿತು. ಮೂರು ವರ್ಷಗಳ ತರುವಾಯ ಸಿಬಿಐ ವರದಿಯೊಂದು ರಾಷ್ಟ್ರಮಟ್ಟದಲ್ಲಿಯೂ ರಾಜಕಾರಣಿಗಳ ದೂರವಾಣಿಗಳ ಕದ್ದಾಲಿಕೆ ನಡೆದುದನ್ನು ಹೊರಗೆಡಹಿದಾಗ ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಸ್ಥೆ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. 1996ರ ಡಿಸೆಂಬರ್ 18ರಂದು ಹೊರಬಿದ್ದ ತೀರ್ಪು ದೂರವಾಣಿ ಸಂಭಾಷಣೆಯನ್ನು ಖಾಸಗಿತನದ ಅಂಗವೆಂದು ಒಪ್ಪಿ ಕೆಲವು ವಿಧಾನಗಳನ್ನು ಗೊತ್ತುಪಡಿಸಿತು. ಆಜ್ಞೆಯನ್ನು ಗೃಹ ಕಾರ್ಯದರ್ಶಿಯೇ ಹೊರಡಿಸಬೇಕು. ಅದರ ಅವಧಿ ಎರಡು ತಿಂಗಳು, ಒಟ್ಟಾರೆ ಆರು ತಿಂಗಳಿಗೆ ಮೀರಬಾರದು. ಪರಿಶೀಲನಾ ಸಮಿತಿ ಇರಬೇಕು. ನ್ಯಾಯಾಧೀಶರ ಪೂರ್ವಾನುಮತಿ ಬೇಕೆಂಬ ವಾದವನ್ನು ಮಾತ್ರ ಪೀಠ ಒಪ್ಪಲಿಲ್ಲ. ಈ ವಿಧಾನಗಳು ಮುಂದೆ ಟೆಲಿಗ್ರಾಫ್ ನಿಯಮಗಳ 419-ಎ ನಿಯಮವಾಗಿ ಸೇರ್ಪಡೆಯಾದವು.

ಈ ತೀರ್ಪು ಬಂದಾಗ ಭಾರತದಲ್ಲಿ ಸಾರ್ವಜನಿಕ ಅಂತರ್ಜಾಲ ಸೇವೆಗೆ ಒಂದು ವರ್ಷ ನಾಲ್ಕು ತಿಂಗಳು ತುಂಬಿತ್ತು. ವಿದೇಶ ಸಂಚಾರ ನಿಗಮ 1995ರ ಆಗಸ್ಟ್ 15ರಂದು ಆ ಸೇವೆಯನ್ನು ಆರಂಭಿಸಿತ್ತು. ತೀರ್ಪು ಕದ್ದಾಲಿಕೆಗೆ ಬಾಗಿಲು ಹಾಕಿಸುತ್ತಿದ್ದ ಹೊತ್ತಿನಲ್ಲಿ, ಕದ್ದಾಲಿಕೆಯೇ ಅನಗತ್ಯವಾಗುವ ವ್ಯವಸ್ಥೆಯೊಂದು ರೂಪುಗೊಳ್ಳುತ್ತಿತ್ತು. ಇದರ ತಾಂತ್ರಿಕ ಸ್ವರೂಪವನ್ನು ತುಸು ವಿವರವಾಗಿ ನೋಡಬೇಕು.

1989ರಲ್ಲಿ ಜಿನೀವಾದ ಸರ್ನ್ ಸಂಶೋಧನಾ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಕಲ್ಪಿಸಿದ ಜಾಲಕ್ಕೆ ನೆನಪಿನ ಶಕ್ತಿ ಇರಲಿಲ್ಲ. ಓದುಗನು ಒಂದು ಪುಟ ಕೇಳುತ್ತಾನೆ, ಸರ್ವರ್ ಕೊಡುತ್ತದೆ, ವ್ಯವಹಾರ ಅಲ್ಲಿಗೆ ಮುಗಿಯುತ್ತದೆ. ಮರುಕ್ಷಣ ಅದೇ ಓದುಗ ಇನ್ನೊಂದು ಪುಟ ಕೇಳಿದರೆ ಸರ್ವರಿಗೆ ಅವನು ಹೊಸಬ. ಗ್ರಂಥಾಲಯಕ್ಕೆ ಇದರಿಂದ ಬಾಧಕವಿಲ್ಲ, ಅಂಗಡಿಗೆ ಇದೆ. ಗಿರಾಕಿ ಆರಿಸಿದ ವಸ್ತುಗಳನ್ನು ನೆನಪಿಟ್ಟುಕೊಳ್ಳದ ಅಂಗಡಿ ನಡೆಯುವುದುಂಟೆ? 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲ್ಲಿ ಈ ತೊಡಕಿಗೆ ಪರಿಹಾರವಾಗಿ ‘ಕುಕೀ’ ಎಂಬ ಪುಟ್ಟ ಗುರುತುಚೀಟಿಯನ್ನು ರೂಪಿಸಿದರು. ಸರ್ವರ್ ಅದನ್ನು ಓದುಗನ ಗಣಕಯಂತ್ರದಲ್ಲಿ ಇಡುತ್ತದೆ. ಮುಂದಿನ ಸಲ ಅವನು ಬಂದಾಗ ಚೀಟಿ ತಾನಾಗಿ ಹಿಂದಿರುಗಿ ಬರುತ್ತದೆ. ಇಲ್ಲಿಯವರೆಗೆ ಅಪಾಯವಿಲ್ಲ. ಆದರೆ ಒಂದು ಪುಟದೊಳಗಿನ ಜಾಹೀರಾತು ಬೇರೊಂದು ಸಂಸ್ಥೆಯ ಸರ್ವರಿನಿಂದ ಬರಬಹುದು, ಆ ಸಂಸ್ಥೆಯೂ ತನ್ನ ಚೀಟಿಯನ್ನು ಅಂಟಿಸಬಹುದು. ಸಾವಿರಾರು ತಾಣಗಳಲ್ಲಿ ಜಾಹೀರಾತು ಹಾಕುವ ಸಂಸ್ಥೆಗೆ ಒಬ್ಬನೇ ಓದುಗ ಪತ್ರಿಕೆ ಓದಿದ್ದು, ಔಷಧ ಹುಡುಕಿದ್ದು, ರೈಲಿನ ವೇಳೆ ನೋಡಿದ್ದು ಎಲ್ಲವೂ ಒಂದೇ ಸಾಲಿನಲ್ಲಿ ದೊರೆಯುತ್ತದೆ. ಈ ಅಪಾಯ ಆಗಲೇ ತಜ್ಞರ ಗಮನಕ್ಕೆ ಬಂದಿತ್ತು. ಅಂತರ್ಜಾಲದ ತಾಂತ್ರಿಕ ನಿಯಮಗಳನ್ನು ರೂಪಿಸುವ ಮಂಡಳಿ 1997ರ ಫೆಬ್ರವರಿಯಲ್ಲಿ ಪ್ರಕಟಿಸಿದ ದಾಖಲೆಯು ಇಂಥ ಪರರ ಚೀಟಿಗಳನ್ನು ಬ್ರೌಸರುಗಳು ತಾವಾಗಿ ಒಪ್ಪಿಕೊಳ್ಳಬಾರದೆಂದು ಸೂಚಿಸಿತು. ಬ್ರೌಸರ್ ತಯಾರಿಸುತ್ತಿದ್ದ ದೊಡ್ಡ ಸಂಸ್ಥೆಗಳು ಅದನ್ನು ಪಾಲಿಸಲಿಲ್ಲ. ಒಂದು ಪೂರ್ವನಿಗದಿತ ಆಯ್ಕೆಯ ವಿಷಯದಲ್ಲಿ ಅಂದು ಮಾಡಿದ ಈ ಉಪೇಕ್ಷೆಯ ಪರಿಣಾಮ ಅನೇಕ ಕಾಯ್ದೆಗಳ ಪರಿಣಾಮಕ್ಕಿಂತ ದೊಡ್ಡದು.

ಇದರ ಫಲವಾಗಿ ಬೆಳೆದ ದತ್ತಾಂಶಕ್ಕೆ ‘ಸಾಮೂಹಿಕ’ ಎಂಬ ವಿಶೇಷಣ ಬರಿಯ ಗಾತ್ರವನ್ನು ಸೂಚಿಸುವುದಲ್ಲ. ಒಬ್ಬನ ವಿವರವನ್ನು ಇತರರೂ ಕೊಡುತ್ತಾರೆ ಎಂಬುದು ಅದರ ಮುಖ್ಯ ಲಕ್ಷಣ. ಸಾಮಾಜಿಕ ಜಾಲಕ್ಕೆ ಎಂದೂ ಸೇರದ ವ್ಯಕ್ತಿಯ ಹೆಸರು ಮತ್ತು ದೂರವಾಣಿ ಸಂಖ್ಯೆ ಅವನ ಹತ್ತು ಮಂದಿ ಸ್ನೇಹಿತರ ವಿಳಾಸಪಟ್ಟಿಗಳ ಮೂಲಕ ಅಲ್ಲಿಗೆ ತಲುಪಿರುತ್ತದೆ. ಆ ಹತ್ತು ಮಂದಿ ಯಾರೆಂಬುದೇ ಅವನ ಊರು, ಕಸುಬು, ಬಳಗಗಳನ್ನು ಹೇಳುತ್ತದೆ. 2013ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಸಂಶೋಧಕರು 58,000ಕ್ಕೂ ಹೆಚ್ಚು ಸ್ವಯಂಸೇವಕರ ಫೇಸ್‌ಬುಕ್ ಮೆಚ್ಚುಗೆಗಳನ್ನು ಅಭ್ಯಸಿಸಿ, ಅವುಗಳಿಂದ ವ್ಯಕ್ತಿಯ ಧರ್ಮ, ರಾಜಕೀಯ ಒಲವು ಮುಂತಾದವನ್ನು ಗಣನೀಯ ನಿಖರತೆಯಿಂದ ಊಹಿಸಬಹುದೆಂದು ತೋರಿಸಿದರು. ಹೇಳದ ಮಾತನ್ನೂ ಇತರರ ಮಾತಿನಿಂದ ಕಟ್ಟಿಕೊಳ್ಳಬಹುದೆಂದರೆ ವೈಯಕ್ತಿಕ ಸಮ್ಮತಿಯೆಂಬ ಪರಿಕಲ್ಪನೆಯೇ ಸಡಿಲಗೊಳ್ಳುತ್ತದೆ. 1871ರ ಕಾಯ್ದೆಯ ತರ್ಕ ಇಲ್ಲಿ ಗಣಿತದ ವೇಷದಲ್ಲಿ ಮರಳಿದೆ ಎಂದರೆ ಅತಿಶಯೋಕ್ತಿಯಾಗಲಾರದು.

ವಣಿಕರ ಈ ದಫ್ತರ ಪ್ರಭುತ್ವದ ಕೈಗೆ ಹೇಗೆ ಬಂದಿತೆಂಬುದಕ್ಕೆ 2013ರ ಜೂನ್ ತಿಂಗಳಲ್ಲಿ ಜಗತ್ತಿಗೆ ದಾಖಲೆ ದೊರೆಯಿತು. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಗುತ್ತಿಗೆ ನೌಕರ ಎಡ್ವರ್ಡ್ ಸ್ನೋಡನ್ ಪತ್ರಕರ್ತರಿಗೆ ಒಪ್ಪಿಸಿದ ಕಡತಗಳ ಪ್ರಕಾರ, ‘ಪ್ರಿಸಂ’ ಎಂಬ ಯೋಜನೆಯಡಿ ಮೈಕ್ರೋಸಾಫ್ಟ್ 2007ರಲ್ಲಿ, ಯಾಹೂ 2008ರಲ್ಲಿ, ಗೂಗಲ್ ಮತ್ತು ಫೇಸ್‌ಬುಕ್ 2009ರಲ್ಲಿ, ಆಪಲ್ 2012ರಲ್ಲಿ ಸೇರ್ಪಡೆಯಾಗಿದ್ದವು. ಸರ್ವರುಗಳಿಗೆ ನೇರ ಪ್ರವೇಶ ಕೊಟ್ಟಿಲ್ಲವೆಂದು ಸಂಸ್ಥೆಗಳು ಹೇಳಿದವು. ಕಾನೂನಿನ ಆಜ್ಞೆಗೆ ಅನುಸಾರವಾಗಿ ದತ್ತಾಂಶ ಕೊಟ್ಟುದನ್ನು ಅವು ಅಲ್ಲಗಳೆಯಲಿಲ್ಲ. ಇತಿಹಾಸದ ದೃಷ್ಟಿಯಿಂದ ಇದಕ್ಕಿಂತಲೂ ಅರ್ಥಪೂರ್ಣವಾದ ವರದಿ ಅದೇ ವರ್ಷದ ಡಿಸೆಂಬರಿನಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯಲ್ಲಿ ಬಂದಿತು. ಗೂಗಲ್ ತನ್ನ ಬಳಕೆದಾರರ ಗಣಕಯಂತ್ರಗಳಲ್ಲಿ ಇರಿಸುತ್ತಿದ್ದ ಕುಕೀಯನ್ನೇ ಭದ್ರತಾ ಸಂಸ್ಥೆ ತನ್ನ ಗುರಿಯನ್ನು ಗುರುತಿಸಲು ಬಳಸುತ್ತಿತ್ತು. ಗಿರಾಕಿಯ ಬುಟ್ಟಿಯನ್ನು ನೆನಪಿಡಲು ಹುಟ್ಟಿದ ಚೀಟಿಯ ತಂತ್ರ ಹತ್ತೊಂಬತ್ತು ವರ್ಷಗಳಲ್ಲಿ ಇಲ್ಲಿಗೆ ಬಂದು ಮುಟ್ಟಿತ್ತು.

ಭಾರತಕ್ಕೆ ಈ ಕಡತಗಳಲ್ಲಿ ದೊಡ್ಡ ಸ್ಥಾನವೇ ಇತ್ತು. ‘ಗಾರ್ಡಿಯನ್’ ಪತ್ರಿಕೆ ಪ್ರಕಟಿಸಿದ ಲೆಕ್ಕದಂತೆ 2013ರ ಮಾರ್ಚ್ ಒಂದೇ ತಿಂಗಳಲ್ಲಿ ಭಾರತದಿಂದ ಸಂಗ್ರಹವಾದ ಮಾಹಿತಿಯ ತುಣುಕುಗಳು 630 ಕೋಟಿ. ಇರಾನ್, ಪಾಕಿಸ್ತಾನ, ಜೋರ್ಡಾನ್, ಈಜಿಪ್ಟ್‌ಗಳ ನಂತರದ ಸ್ಥಾನ ಅದರದು. ಭಾರತ ಸರ್ಕಾರದ ಪ್ರತಿಕ್ರಿಯೆ ಮೃದುವಾಗಿತ್ತು. ಸಂದೇಶಗಳ ಒಳಗನ್ನು ಓದಿಲ್ಲ, ಕರೆಗಳ ಮತ್ತು ಮಿಂಚಂಚೆಗಳ ವಿನ್ಯಾಸವನ್ನಷ್ಟೇ ಗಣಕಯಂತ್ರ ವಿಶ್ಲೇಷಿಸಿದೆ ಎಂಬ ಅರ್ಥದಲ್ಲಿ ವಿದೇಶಾಂಗ ಸಚಿವರು ಮಾತನಾಡಿದರು. ಲಕೋಟೆಯ ಮೇಲಿನ ವಿಳಾಸಕ್ಕೂ ಒಳಗಿನ ಪತ್ರಕ್ಕೂ ನಡುವೆ ಹತ್ತೊಂಬತ್ತನೆಯ ಶತಮಾನ ಮಾಡಿದ ಭೇದವೇ ಈ ಸಮರ್ಥನೆಗೆ ಆಧಾರ. ಆದರೆ ಒಬ್ಬನ ಒಂದು ವರ್ಷದ ಎಲ್ಲ ಲಕೋಟೆಗಳ ವಿಳಾಸಗಳನ್ನು ದಿನಾಂಕ ಮತ್ತು ಸ್ಥಳದೊಂದಿಗೆ ಜೋಡಿಸಿದರೆ ಪತ್ರ ಓದುವ ಅಗತ್ಯ ಬಹುಮಟ್ಟಿಗೆ ಉಳಿಯುವುದಿಲ್ಲ. ಯಾವ ವೈದ್ಯರಿಗೆ, ಯಾವ ವಕೀಲರಿಗೆ, ಎಷ್ಟು ಹೊತ್ತಿನಲ್ಲಿ, ಎಷ್ಟು ಸಲ ಎಂಬುದೇ ಕಥೆಯನ್ನು ಹೇಳಿಬಿಡುತ್ತದೆ.

ಮೃದುತ್ವಕ್ಕೆ ಕಾರಣ ಇಲ್ಲದಿರಲಿಲ್ಲ. ಅಷ್ಟರಲ್ಲಿ ಭಾರತವೂ ಅದೇ ದಾರಿಯಲ್ಲಿ ಸಾಕಷ್ಟು ಮುಂದೆ ಸಾಗಿತ್ತು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೆಯ ಕಲಮನ್ನು ಮುಂಬಯಿ ದಾಳಿಯಾದ ಒಂದು ತಿಂಗಳೊಳಗೆ, 2008ರ ಡಿಸೆಂಬರಿನಲ್ಲಿ ಅಂಗೀಕಾರವಾದ ತಿದ್ದುಪಡಿಯ ಮೂಲಕ ವಿಸ್ತರಿಸಲಾಯಿತು. ಟೆಲಿಗ್ರಾಫ್ ಕಾಯ್ದೆಯಲ್ಲಿದ್ದ ‘ಸಾರ್ವಜನಿಕ ತುರ್ತು ಅಥವಾ ಸಾರ್ವಜನಿಕ ಸುರಕ್ಷತೆ’ ಎಂಬ ಪೂರ್ವಷರತ್ತು ಇಲ್ಲಿ ಇಲ್ಲ. ಯಾವುದೇ ಅಪರಾಧದ ತನಿಖೆಯೂ ಸಾಕಾದ ಕಾರಣ. ಹೊಸದಾಗಿ ಸೇರಿದ 69-ಬಿ ಕಲಮು ಸೈಬರ್ ಸುರಕ್ಷತೆಗಾಗಿ ಸಂಚಾರ ದತ್ತಾಂಶದ ಸಂಗ್ರಹಕ್ಕೂ, 67-ಸಿ ಕಲಮು ಸಂಸ್ಥೆಗಳು ಗೊತ್ತುಪಡಿಸಿದ ಅವಧಿಯವರೆಗೆ ಮಾಹಿತಿಯನ್ನು ಕಾಯ್ದಿರಿಸುವುದಕ್ಕೂ ಅವಕಾಶ ಮಾಡಿದವು. ವಸಾಹತು ಕಾಲದ ಕಾಯ್ದೆಗಿಂತ ಗಣರಾಜ್ಯದ ಕಾಯ್ದೆ ಹೆಚ್ಚು ಸಡಿಲವಾದದ್ದು ಹೀಗೆ. ದೂರಸಂಪರ್ಕ ಸಂಶೋಧನೆಯ ಸರ್ಕಾರಿ ಸಂಸ್ಥೆ ಸಿ-ಡಾಟ್ ಕೇಂದ್ರೀಯ ಮೇಲ್ವಿಚಾರಣಾ ವ್ಯವಸ್ಥೆಯನ್ನು ಅಭಿವೃದ್ಧಿಪಡಿಸಿತು. ಅಂತರ್ಜಾಲದ ಸಂಚಾರದಲ್ಲಿ ಪದಗಳನ್ನು ಹುಡುಕುವ ‘ನೇತ್ರ’ ಬೆಂಗಳೂರಿನಲ್ಲಿರುವ ರಕ್ಷಣಾ ಪ್ರಯೋಗಾಲಯ ‘ಕೇರ್’ನ ಕೊಡುಗೆಯೆಂದು ವರದಿಯಾಯಿತು. ಮೇಲ್ವಿಚಾರಣಾ ವ್ಯವಸ್ಥೆಯ ಒಂದು ಅಂಶ ವಿಶೇಷವಾಗಿ ಗಮನಾರ್ಹ. ಹಿಂದೆ ಗೃಹ ಕಾರ್ಯದರ್ಶಿಯ ಆಜ್ಞೆ ದೂರವಾಣಿ ಸಂಸ್ಥೆಯ ಅಧಿಕಾರಿಯ ಮೇಜಿಗೆ ಬರಬೇಕಾಗಿತ್ತು, ಅವನು ಅದನ್ನು ಜಾರಿಗೊಳಿಸಬೇಕಾಗಿತ್ತು. ಹೊಸ ವ್ಯವಸ್ಥೆಯಲ್ಲಿ ತನಿಖಾ ಸಂಸ್ಥೆ ನೇರವಾಗಿ ಜೋಡಣೆ ಪಡೆಯುತ್ತದೆ. ಗೋಪ್ಯತೆಗೆ ಇದು ಒಳ್ಳೆಯದೆಂದು ಸರ್ಕಾರ ಹೇಳಿತು. ಅದರೊಂದಿಗೆ ಹೊರಗಿನ ಸಾಕ್ಷಿಯೊಬ್ಬನೂ ಇಲ್ಲವಾದನು.

ಅನ್ಯರ ಬಳಿ ಇರುವ ವಿವರದ ಮೇಲೆ ವ್ಯಕ್ತಿಗೆ ಹಕ್ಕು ಉಳಿಯುತ್ತದೆಯೇ ಎಂಬ ಪ್ರಶ್ನೆಯನ್ನು ಭಾರತದ ನ್ಯಾಯಾಲಯ ಎದುರಿಸಲಿಲ್ಲವೆಂದು ಭಾವಿಸಬಾರದು. ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1976 ಮತ್ತು 1979ರ ತೀರ್ಪುಗಳಲ್ಲಿ ಬ್ಯಾಂಕಿಗೆ ಅಥವಾ ದೂರವಾಣಿ ಸಂಸ್ಥೆಗೆ ಸ್ವಇಚ್ಛೆಯಿಂದ ಕೊಟ್ಟ ವಿವರದ ಮೇಲೆ ಖಾಸಗಿತನದ ನಿರೀಕ್ಷೆ ಸಲ್ಲದೆಂದು ಹೇಳಿತ್ತು. 2004ರಲ್ಲಿ ಮಂಗಳೂರು ಮೂಲದ ಕೆನರಾ ಬ್ಯಾಂಕಿನ ಪ್ರಕರಣದಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯ ಇದಕ್ಕೆ ವ್ಯತಿರಿಕ್ತವಾದ ನಿಲುವು ತಳೆಯಿತು. ಆಂಧ್ರಪ್ರದೇಶದ ಮುದ್ರಾಂಕ ತಿದ್ದುಪಡಿಯು ಬ್ಯಾಂಕಿನ ದಾಖಲೆಗಳನ್ನು ಪರಿಶೀಲಿಸುವ ಅಧಿಕಾರವನ್ನು ಜಿಲ್ಲಾಧಿಕಾರಿ ನೇಮಿಸಿದ ಯಾರಿಗಾದರೂ ಕೊಡುವಂತಿತ್ತು. ಖಾಸಗಿತನ ವ್ಯಕ್ತಿಗೆ ಸೇರಿದ್ದೇ ಹೊರತು ಸ್ಥಳಕ್ಕಲ್ಲ, ದಾಖಲೆ ಬ್ಯಾಂಕಿನಲ್ಲಿದೆ ಎಂಬ ಕಾರಣಕ್ಕೆ ಅದು ನಷ್ಟವಾಗದು ಎಂದು ಪೀಠ ಆ ತಿದ್ದುಪಡಿಯನ್ನು ತಳ್ಳಿಹಾಕಿತು. ಗೋಪನ ದಫ್ತರಕ್ಕೆ ಅನ್ವಯಿಸಬಹುದಾಗಿದ್ದ ಅತ್ಯುತ್ತಮ ಸೂತ್ರ ಇದೇ. ನಾಲ್ಕು ವರ್ಷಗಳ ನಂತರ ಮಾಹಿತಿ ತಂತ್ರಜ್ಞಾನ ಕಾಯ್ದೆಯನ್ನು ತಿದ್ದಿದವರು ಅದನ್ನು ಅನುಸರಿಸಿದ ಕುರುಹು ಕಾಣುವುದಿಲ್ಲ.

ಸೂತ್ರದ ನಿಜವಾದ ಪರೀಕ್ಷೆ ಆಧಾರ್ ಯೋಜನೆಯಿಂದ ಒದಗಿತು. 2009ರ ಜನವರಿಯಲ್ಲಿ ರಚಿತವಾದ ಭಾರತೀಯ ವಿಶಿಷ್ಟ ಗುರುತು ಪ್ರಾಧಿಕಾರಕ್ಕೆ ಬೆಂಗಳೂರಿನ ಉದ್ಯಮಿ ನಂದನ್ ನಿಲೇಕಣಿ ಮೊದಲ ಅಧ್ಯಕ್ಷರಾದರು. 2010ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ನಂದೂರಬಾರ್ ಜಿಲ್ಲೆಯ ತೆಂಭಲಿಯಲ್ಲಿ ಮೊದಲ ಸಂಖ್ಯೆ ವಿತರಣೆಯಾಯಿತು. 2016ರ ಏಪ್ರಿಲ್ ಹೊತ್ತಿಗೆ ನೋಂದಣಿ 100 ಕೋಟಿ ದಾಟಿತು. ಪಡಿತರ, ಪಿಂಚಣಿ, ಅಡುಗೆ ಅನಿಲದ ಸಹಾಯಧನ ನಿಜವಾದ ಫಲಾನುಭವಿಗೆ ಸಲ್ಲಬೇಕೆಂಬುದು ಘೋಷಿತ ಉದ್ದೇಶ. ಆ ಉದ್ದೇಶದ ಪ್ರಾಮಾಣಿಕತೆಯನ್ನು ಸಂದೇಹಿಸದೆಯೂ ಮುಂದಿನ ಘಟನೆಯನ್ನು ನೋಡಬಹುದು. 2013ರಲ್ಲಿ ಗೋವಾದ ವಾಸ್ಕೋದ ಶಾಲೆಯೊಂದರಲ್ಲಿ ಬಾಲಕಿಯ ಮೇಲೆ ನಡೆದ ಅತ್ಯಾಚಾರದ ತನಿಖೆಯಲ್ಲಿ ಸಿಬಿಐಗೆ ಬೆರಳಚ್ಚುಗಳು ದೊರೆತವು, ಅಪರಾಧಿ ದೊರೆಯಲಿಲ್ಲ. ಗೋವಾದಲ್ಲಿ ನೋಂದಾಯಿಸಿಕೊಂಡ ಎಲ್ಲರ ಬೆರಳಚ್ಚುಗಳನ್ನು ಕೊಡಬೇಕೆಂದು ತನಿಖಾ ಸಂಸ್ಥೆ ಪ್ರಾಧಿಕಾರವನ್ನು ಕೇಳಿತು. ಸ್ಥಳೀಯ ನ್ಯಾಯಾಲಯ ಒಪ್ಪಿತು. ವಿಷಯ ಮುಂಬಯಿ ಉಚ್ಚ ನ್ಯಾಯಾಲಯದ ಗೋವಾ ಪೀಠಕ್ಕೂ ಹೋಯಿತು. ನಾಗರಿಕ ಸೇವೆಗೆಂದು ಪಡೆದ ವಿವರವನ್ನು ಅಪರಾಧ ತನಿಖೆಗೆ ಕೊಡಲಾಗದು, ಇಷ್ಟು ದೊಡ್ಡ ಸಂಗ್ರಹದಲ್ಲಿ ಹುಡುಕಿದರೆ ನಿರಪರಾಧಿಗಳ ಮುದ್ರೆಗಳೂ ತಾಳೆಯಾಗಬಹುದು ಎಂದು ಪ್ರಾಧಿಕಾರವೇ ಸರ್ವೋಚ್ಚ ನ್ಯಾಯಾಲಯದಲ್ಲಿ ವಾದಿಸಿತು. 2014ರ ಮಾರ್ಚ್ 24ರಂದು ನ್ಯಾಯಾಲಯ, ವ್ಯಕ್ತಿಯ ಲಿಖಿತ ಸಮ್ಮತಿಯಿಲ್ಲದೆ ಜೈವಿಕ ದತ್ತಾಂಶವನ್ನು ಯಾವ ಸಂಸ್ಥೆಗೂ ಕೊಡಕೂಡದೆಂದು ಮಧ್ಯಂತರ ಆದೇಶ ನೀಡಿತು. ಈ ಪ್ರಕರಣದಲ್ಲಿ ಖಳರಿಲ್ಲ. ಅಪರಾಧ ಘೋರವಾದದ್ದು, ತನಿಖಾಧಿಕಾರಿಗಳ ಕೋರಿಕೆ ಅರ್ಥವಾಗುವಂಥದ್ದು. ಇಡೀ ರಾಜ್ಯದ ಜನರನ್ನು ಶಂಕಿತರ ಸಾಲಿನಲ್ಲಿ ನಿಲ್ಲಿಸುವ ಕೋರಿಕೆ ಅದಾಗಿತ್ತೆಂಬುದೂ ನಿಜ. ದತ್ತಾಂಶ ಇಲ್ಲದಿದ್ದರೆ ಅಂಥ ಕೋರಿಕೆ ಯಾರಿಗೂ ಹೊಳೆಯುತ್ತಲೇ ಇರಲಿಲ್ಲ.

ಆಧಾರ್ ವಿರುದ್ಧದ ಮುಖ್ಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಎಂಬತ್ತಾರರ ಪ್ರಾಯದಲ್ಲಿ ಅವರು ಹೂಡಿದ ಅರ್ಜಿಯ ಆರಂಭದ ಆಕ್ಷೇಪಣೆ, ಸಂಸತ್ತಿನ ಕಾಯ್ದೆಯಿಲ್ಲದೆ ಇಂಥ ಯೋಜನೆ ನಡೆಸುವುದು ಸಲ್ಲದೆಂಬುದಾಗಿತ್ತು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲವೆಂದು, ಖಡಕ್ ಸಿಂಗ್ ತೀರ್ಪನ್ನು ಮುಂದಿಟ್ಟು ಕೇಂದ್ರ ಸರ್ಕಾರ ವಾದಿಸಿದುದರಿಂದ ಪ್ರಶ್ನೆ ದೊಡ್ಡದಾಯಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನವು ಸಂವಿಧಾನದತ್ತ ಮೂಲಭೂತ ಹಕ್ಕೆಂದು ಸರ್ವಾನುಮತದಿಂದ ಸಾರಿತು. ಮೂಡುಬಿದಿರೆಯ ಕಡೆಯವರಾದ ನ್ಯಾಯಮೂರ್ತಿ ಅಬ್ದುಲ್ ನಜೀರ್ ಆ ಪೀಠದಲ್ಲಿದ್ದರು. ಹಕ್ಕನ್ನು ಮೊಟಕುಗೊಳಿಸಲು ಕಾನೂನು ಇರಬೇಕು, ನ್ಯಾಯಸಮ್ಮತ ಉದ್ದೇಶವಿರಬೇಕು, ಕ್ರಮವು ಉದ್ದೇಶಕ್ಕೆ ತಕ್ಕ ಪ್ರಮಾಣದಲ್ಲಿರಬೇಕು ಎಂಬ ಅಳತೆಗೋಲು ಅಲ್ಲಿಂದ ಬಂದಿತು. ಮರುವರ್ಷ ಸೆಪ್ಟೆಂಬರ್ 26ರಂದು ಅದೇ ಅಳತೆಗೋಲಿನಿಂದ ಆಧಾರ್ ಕಾಯ್ದೆಯನ್ನು ಅಳೆದ ಐವರ ಪೀಠ ನಾಲ್ಕು-ಒಂದರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ಖಾಸಗಿ ಸಂಸ್ಥೆಗಳು ಆಧಾರ್ ಕೇಳಲು ಎಡೆಮಾಡಿದ್ದ ಭಾಗ ರದ್ದಾಯಿತು. ದೃಢೀಕರಣದ ದಾಖಲೆಗಳನ್ನು ಐದು ವರ್ಷ ಇರಿಸುವ ನಿಯಮವನ್ನು ಪೀಠ ಆರು ತಿಂಗಳಿಗೆ ಇಳಿಸಿತು. ಏನನ್ನು ಸಂಗ್ರಹಿಸಬೇಕೆಂಬುದಕ್ಕಿಂತ ಎಷ್ಟು ಕಾಲ ಇಟ್ಟುಕೊಳ್ಳಬೇಕೆಂಬ ಪ್ರಶ್ನೆಯನ್ನು ನ್ಯಾಯಾಲಯ ಕೈಗೆತ್ತಿಕೊಂಡ ಅಪರೂಪದ ಸಂದರ್ಭವಿದು. ಒಬ್ಬಂಟಿಯಾಗಿ ಇಡೀ ಕಾಯ್ದೆಯನ್ನೇ ಅಸಿಂಧುವೆಂದ ನ್ಯಾಯಮೂರ್ತಿ ಚಂದ್ರಚೂಡ್ ಅವರ ಭಿನ್ನಮತದ ತೀರ್ಪು, ಬೇರೆ ಬೇರೆ ದಾಖಲೆಗಳನ್ನು ಒಂದೇ ಸಂಖ್ಯೆಯಿಂದ ಹೊಲಿಯುವುದರ ಅಪಾಯವನ್ನು ವಿವರವಾಗಿ ಚರ್ಚಿಸಿದೆ. ನ್ಯಾಯಮೂರ್ತಿ ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು.

ಹಕ್ಕು ಸ್ಥಾಪಿತವಾದರೂ ಆಡಳಿತದ ಕ್ರಮ ಹೆಚ್ಚು ಬದಲಾಗಲಿಲ್ಲ. 2018ರ ಡಿಸೆಂಬರ್ 20ರಂದು ಗೃಹ ಸಚಿವಾಲಯ 69ನೆಯ ಕಲಮಿನಡಿ ಹತ್ತು ಸಂಸ್ಥೆಗಳನ್ನು ಅಧಿಕೃತಗೊಳಿಸಿತು. 2021ರ ಪೆಗಾಸಸ್ ವಿವಾದದಲ್ಲಿ ಸರ್ವೋಚ್ಚ ನ್ಯಾಯಾಲಯ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ತಜ್ಞರ ಸಮಿತಿ ನೇಮಿಸಿತು. ಪರೀಕ್ಷಿಸಿದ 29 ದೂರವಾಣಿಗಳ ಪೈಕಿ ಐದರಲ್ಲಿ ಕುತಂತ್ರಾಂಶ ಕಂಡರೂ ಅದು ಪೆಗಾಸಸ್ ಎಂದು ಖಚಿತಪಡಲಿಲ್ಲ, ಸರ್ಕಾರ ಸಮಿತಿಗೆ ಸಹಕರಿಸಲಿಲ್ಲವೆಂದು 2022ರ ಆಗಸ್ಟ್‌ನಲ್ಲಿ ನ್ಯಾಯಾಲಯ ತಿಳಿಸಿತು. 2022ರ ಏಪ್ರಿಲ್‌ನ ನಿರ್ದೇಶನ ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ದಿನಚರಿಯನ್ನು 180 ದಿನ, ವಿಪಿಎನ್ ಸೇವೆ ನೀಡುವವರು ಗ್ರಾಹಕರ ವಿವರಗಳನ್ನು ಐದು ವರ್ಷ ಕಾಯ್ದಿರಿಸಬೇಕೆಂದಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ವಣಿಕರಿಗೆ ಕಟ್ಟುಪಾಡು ವಿಧಿಸಿದರೂ, ಅದರ 17ನೆಯ ಕಲಮು ಅಧಿಸೂಚಿತ ಸರ್ಕಾರಿ ಸಂಸ್ಥೆಗಳನ್ನು ಕಾಯ್ದೆಯಿಂದಲೇ ಹೊರಗಿಡಲು ಅವಕಾಶ ಕೊಡುತ್ತದೆ. 1885ರ ಟೆಲಿಗ್ರಾಫ್ ಕಾಯ್ದೆ, 1898ರ ಅಂಚೆ ಕಾಯ್ದೆಗಳ ಸ್ಥಾನದಲ್ಲಿ 2023ರ ಹೊಸ ಕಾಯ್ದೆಗಳು ಬಂದವು. ತಡೆದು ಓದುವ ಅಧಿಕಾರ ಎರಡರಲ್ಲೂ ಉಳಿದುಕೊಂಡಿತು.

ಆಜ್ಞೆಗಳನ್ನು ಪರಿಶೀಲಿಸುವ ಸಮಿತಿಯ ಸ್ಥಿತಿಯನ್ನು 2018ರ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿಯ ವರದಿ ದಾಖಲಿಸಿದೆ. ಎರಡು ತಿಂಗಳಿಗೊಮ್ಮೆ ಸೇರುವ ಈ ಸಮಿತಿಯ ಮುಂದೆ ಪ್ರತಿ ಸಭೆಯಲ್ಲೂ 15,000ದಿಂದ 18,000 ಆಜ್ಞೆಗಳು ಇರುತ್ತವೆ. ಸಮಿತಿಯ ಸದಸ್ಯರೆಲ್ಲರೂ ಸರ್ಕಾರದ ಕಾರ್ಯದರ್ಶಿಗಳೇ. ಯಾರ ವಿಷಯದಲ್ಲಿ ಆಜ್ಞೆ ಹೊರಟಿತೋ ಆ ವ್ಯಕ್ತಿಗೆ ಆಮೇಲಾದರೂ ತಿಳಿಸಬೇಕೆಂಬ ನಿಯಮವಿಲ್ಲ. ತಿಳಿಯದವನು ನ್ಯಾಯಾಲಯಕ್ಕೆ ಹೋಗುವಂತಿಲ್ಲ.

ಸಂಶೋಧಕರಿಗೆ ಇಲ್ಲಿ ಬೇರೊಂದು ತೊಡಕೂ ಇದೆ. ವಸಾಹತು ಸರ್ಕಾರ ತನ್ನ ಗುಪ್ತಚರರ ವರದಿಗಳನ್ನು ಜೋಪಾನವಾಗಿ ಇರಿಸಿತ್ತು. ಮುಂಬಯಿ ಸರ್ಕಾರ 1957ರಿಂದ ಪ್ರಕಟಿಸಿದ ಸ್ವಾತಂತ್ರ್ಯ ಚಳವಳಿಯ ಆಕರ ಸಂಪುಟಗಳು ತಯಾರಾದದ್ದು ಅಂಥ ಸರ್ಕಾರಿ ಕಡತಗಳಿಂದಲೇ. ತಡೆಹಿಡಿದ ಪತ್ರಗಳ ನಕಲುಗಳು ಇಂದು ಪತ್ರಾಗಾರಗಳಲ್ಲಿ ಇತಿಹಾಸದ ಆಕರಗಳಾಗಿವೆ. 2007ರ 419-ಎ ನಿಯಮದ ಪ್ರಕಾರವಾದರೋ ಕದ್ದಾಲಿಕೆಯ ಆಜ್ಞೆಗಳನ್ನೂ ಅದರಿಂದ ದೊರೆತ ದಾಖಲೆಗಳನ್ನೂ, ಬಳಕೆಯ ಅಗತ್ಯವಿಲ್ಲದಿದ್ದರೆ, ಆರು ತಿಂಗಳಿಗೊಮ್ಮೆ ನಾಶಪಡಿಸಬೇಕು. 2009ರ ಮಾಹಿತಿ ತಂತ್ರಜ್ಞಾನ ನಿಯಮಗಳಲ್ಲೂ ಇದೇ ವಿಧಿ ಇದೆ. 2024ರ ಡಿಸೆಂಬರಿನಲ್ಲಿ 419-ಎ ನಿಯಮದ ಸ್ಥಾನಕ್ಕೆ ಬಂದ ಹೊಸ ನಿಯಮಗಳೂ ನಾಶಪಡಿಸುವ ಕ್ರಮವನ್ನು ಮುಂದುವರಿಸಿವೆ. ಕದ್ದಾಲಿಕೆಗೆ ಒಳಗಾದವರ ಗೌರವದ ದೃಷ್ಟಿಯಿಂದ ಇದನ್ನು ಸಮರ್ಥಿಸಬಹುದು. ಆದರೆ ಸಂಭಾಷಣೆಯ ಜೊತೆಗೆ ಆಜ್ಞೆಯೂ ನಾಶವಾಗುತ್ತದೆ. ಜನರ ವಿವರಗಳು ಸರ್ವರುಗಳಲ್ಲಿ ವರ್ಷಗಟ್ಟಲೆ ಉಳಿಯುವಾಗ, ಆ ವಿವರಗಳನ್ನು ಯಾರು, ಯಾವಾಗ, ಏಕೆ ಕೇಳಿದರೆಂಬ ಕಾಗದಕ್ಕೆ ಆರು ತಿಂಗಳ ಆಯುಸ್ಸು. 1988ರ ಬೆಂಗಳೂರಿನಲ್ಲಿ ಎದ್ದ ಪ್ರಶ್ನೆಗಳಿಗೆ ಉತ್ತರ ಹುಡುಕಲು ಆಗ ಕಡತಗಳಿದ್ದವು.